ಐತ್ವಾರದ ಹನುಮವ್ವ

ದೊಡ್ಡ ಕಟ್ಟಡವೊಂದು ಕಣ್ಣಿಗೆ ಬಿದ್ದರೆ ನಾವೆಲ್ಲ ಅದರ ಮುಂದೆ ನಿಂತು ಕತ್ತೆತ್ತುತ್ತೇವೆ. ಹನುಮವ್ವ ಮಾತ್ರ ಮೊದಲು ಅದರ ಬೆನ್ನು ನೋಡಲು ಹೊರಡುತ್ತಿದ್ದಳು. ಚಪ್ಪಲಿ ಕಳಚಿ ಕೈಚೀಲಕ್ಕೆ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಯನ್ನು ಬಲಗಡೆಗೆ ಬಿಟ್ಟುಕೊಂಡು ಪೂರ್ತಿ ಒಂದು ಸುತ್ತು ಬಂದು, ಆಮೇಲೆಯೇ ಮುಂಬಾಗಿಲ ಎದುರಿಗೆ ನಿಂತು ಸಾವಕಾಶವಾಗಿ ಮುಖವೆತ್ತುತ್ತಿದ್ದಳು. ಅರಮನೆಯಾಗಲಿ, ಗೋಪುರವಾಗಲಿ, ಕಚೇರಿಯಾಗಲಿ, ಈ ಕ್ರಮಕ್ಕೆ ಭಂಗವಿಲ್ಲ. ನಡುವೆ ಬೇಲಿಯೋ ಚರಂಡಿಯೋ ಪಾರ್ಕಿಂಗಿನ ಕಾರುಗಳೋ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತಿದ್ದಳೇ ಹೊರತು ಅರ್ಧಕ್ಕೆ ತಿರುಗಿ ಬಂದದ್ದನ್ನು ನಾನು ಕೇಳಿಲ್ಲ.

ತುಮಕೂರು ರಸ್ತೆಯ ಟಿ. ದಾಸರಹಳ್ಳಿಯಲ್ಲಿ ವೆಂಕಟೇಶಪ್ಪನವರ ವಠಾರದಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ಮಹಡಿಯ ಮೇಲೆ ನಿವೃತ್ತ ಹೈಸ್ಕೂಲು ಮೇಷ್ಟರಾದ ನಾನೊಬ್ಬನೇ. ಕೆಳಗೆ, ಒಂದು ಕಾಲದಲ್ಲಿ ವೆಂಕಟೇಶಪ್ಪನವರ ರಾಗಿಹೊಲವಾಗಿದ್ದ ಜಾಗದಲ್ಲಿ ಎದ್ದಿದ್ದ ಶೀಟುಮನೆಗಳ ಸಾಲಿನಲ್ಲಿ, ಬಾಗಲಕೋಟೆ ಕಡೆಯಿಂದ ಬಂದ ಹನುಮವ್ವ ಮತ್ತು ಅವಳ ಮಗಳು ಭಾಗ್ಯಶ್ರೀ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ತಾಯಿ ಮಗಳಿಬ್ಬರೂ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ದುಡಿಯುತ್ತಿದ್ದರು; ಮಗಳು ಮಿಷನ್ನಿನ ಮೇಲೆ, ತಾಯಿ ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸದಲ್ಲಿ. ಮೆಟ್ರೊ ಕಂಬಗಳು ಎದ್ದು, ರೈಲು ಇನ್ನೂ ಬಾರದೆ, ರಸ್ತೆಯ ತುಂಬ ಧೂಳು ಮಾತ್ರ ಬಂದಿದ್ದ ವರ್ಷಗಳವು.

ಸಣ್ಣ ಆಳು, ಒಣಕಲು ಮೈ, ನಲವತ್ತೈದರ ಆಸುಪಾಸು. ಸೀರೆಯ ಮೇಲೆ ಗಂಡಸರ ಚೌಕಳಿ ಅಂಗಿಯೊಂದನ್ನು ತೊಡುತ್ತಿದ್ದಳು. ಅದು ಪರದೇಶಕ್ಕೆ ಹೋಗಬೇಕಾಗಿದ್ದ ಮಾಲು. ಬಲತೋಳು ಎಡತೋಳಿಗಿಂತ ಗಿಡ್ಡವಾಗಿ ಬಂದದ್ದರಿಂದ ಇಲ್ಲಿಯೇ ಉಳಿದು ಇವಳ ಮೈಗೆ ಬಂತು. ನಡೆಯುವಾಗ ಮೈ ಸ್ವಲ್ಪವೂ ಅಲುಗುತ್ತಿರಲಿಲ್ಲ, ಕಾಲು ಮಾತ್ರ ಓಡುತ್ತಿದ್ದವು. ತಲೆಯ ಮೇಲೆ ತುಂಬಿದ ಕೊಡ ಹೊತ್ತವರ ನಡಿಗೆ, ಕೊಡ ಇಳಿಸಿ ಎಷ್ಟೋ ಕಾಲವಾದರೂ ಬಿಟ್ಟುಹೋಗಿರಲಿಲ್ಲ. ಮಾತಿನ ಕೊನೆಗೊಂದು 'ಇರ್ಲಿ ಬಿಡ್ರಿ' ಇದ್ದೇ ಇರುತ್ತಿತ್ತು. ಬೆಂಗಳೂರಿನಲ್ಲೇ ಇರುವ ಟಿಪ್ಪುವಿನ ಅರಮನೆಯನ್ನೂ ಮೈಸೂರು ಅರಸರ ಅರಮನೆಯನ್ನೂ ನೋಡಿ ಬಂದವಳು, ಇಬ್ಬರೂ ಅಣ್ಣತಮ್ಮಂದಿರು, ಪಾಲಾದ ಮೇಲೆ ಬೇರೆ ಬೇರೆ ಮನೆ ಕಟ್ಟಿಸಿಕೊಂಡಿದ್ದಾರೆ ಎಂದು ನಿರ್ಧರಿಸಿಬಿಟ್ಟಿದ್ದಳು. ನನ್ನೊಳಗಿನ ಮೇಷ್ಟರು ಸುಮ್ಮನಿರಬೇಕಲ್ಲ! ಅರ್ಧ ಗಂಟೆ ಇತಿಹಾಸ ಪಾಠ ಮಾಡಿದೆ. ಶ್ರದ್ಧೆಯಿಂದ ಕೇಳಿ, "ಇರ್ಲಿ ಬಿಡ್ರಿ ಮಾಸ್ತರ, ಈಗ ಇಬ್ರೂ ಇಲ್ಲಲ್ಲ" ಎಂದು ಎದ್ದು ಹೋದಳು.

ಈ ತಿರುಗಾಟ ಶುರುವಾದದ್ದು ಒಂದು ಸಣ್ಣ ಅವಮಾನದಿಂದ. ಊರಿನಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬಂದವಳನ್ನು ಯಾರೋ ದಾಸರಹಳ್ಳಿಯಲ್ಲಿ ಎಬ್ಬಿಸಿ ಇಳಿಸಿದ್ದರು; ಅಲ್ಲಿಂದ ಫ್ಯಾಕ್ಟರಿ, ಫ್ಯಾಕ್ಟರಿಯಿಂದ ಕೋಣೆ. ಹೀಗೆ ವರ್ಷಗಳು ಉರುಳಿದ ಮೇಲೆ ನಾಗರಪಂಚಮಿಗೆಂದು ತವರಿಗೆ ಹೋದಾಗ, ಜೋಕಾಲಿಯ ಸುತ್ತ ಕೂತ ಹೆಂಗಸರೊಳಗೆ ಒಬ್ಬಳು, "ನೀ ಬೆಂಗಳೂರಾಗ ಇರಾಕಿ, ವಿಧಾನಸೌಧ ಹೆಂಗೈತಿ ಹೇಳವ್ವ" ಎಂದು ಕೇಳಿದಳಂತೆ. ಹನುಮವ್ವ ಕ್ಯಾಲೆಂಡರಿನಲ್ಲಿ ಕಂಡದ್ದನ್ನು ನೆನೆಸಿಕೊಂಡು ಕಂಬ, ಮೆಟ್ಟಿಲು, ಗುಮ್ಮಟ ಎಂದೆಲ್ಲ ಹೇಳಿದಳು. "ಹಿಂದ ಹೆಂಗೈತಿ?" ಎಂದು ಇನ್ನೊಬ್ಬಳು ಕೇಳಿದಳು. ಕ್ಯಾಲೆಂಡರಿಗೆ ಹಿಂದಿಲ್ಲ. ಅವತ್ತು ತನ್ನ ಬಾಯಿ ಕಟ್ಟಿದ್ದನ್ನು ಹೇಳುವಾಗ ಅವಳ ಮುಖ ಆಗಲೂ ಕೆಂಪಗಾಗುತ್ತಿತ್ತು.

ಅಲ್ಲಿಂದ ಮುಂದೆ ಪ್ರತಿ ಐತ್ವಾರ, ಅಂದರೆ ಅವಳ ವಾರದ ರಜೆಯ ಭಾನುವಾರ, ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ನೀರು ಕಟ್ಟಿಕೊಂಡು ಹೊರಡುತ್ತಿದ್ದಳು. ಹೋಗುವುದು ನಡೆದೇ. ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ, ಮಲ್ಲೇಶ್ವರ ಎಂದು ನಗರದ ಹೊಟ್ಟೆಯೊಳಗೆ ಕಾಲಿನಿಂದಲೇ ಇಳಿದುಹೋಗುವವಳು, ಬರುವಾಗ ಮಾತ್ರ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುತ್ತಿದ್ದಳು. "ಬಸ್ಸಿನ್ಯಾಗ ಕುಂತು ಹೋದ್ರ ಊರು ನಮ್ಮ ಕಡೆ ಬಂದಂಗ ಆಗ್ತೈತ್ರಿ, ನಾವು ಹೋದಂಗ ಆಗಂಗಿಲ್ಲ" ಎನ್ನುವುದು ಅವಳ ವಾದ. ನಾನೋ, ಕೆಲಸದಲ್ಲಿದ್ದಷ್ಟು ಕಾಲ ಬಸ್ಸಿನ ಕಿಟಕಿಯಿಂದಲೇ ಈ ಊರನ್ನು ನೋಡಿ ನೋಡಿ ಬೇಸತ್ತವನು.

ಮೇಖ್ರಿ ವೃತ್ತದ ಬಳಿಯ ಕೆಂಪೇಗೌಡ ಗೋಪುರ ಅವಳಿಗೆ ನಿರಾಸೆ ತಂದಿತು. ಇಷ್ಟು ಸಣ್ಣದಕ್ಕೆ ಇಷ್ಟು ಹೆಸರೇ ಎಂದು. ಆದರೂ ಸುತ್ತು ಹಾಕಿ, ಅದರ ನೆರಳಲ್ಲೇ ರೊಟ್ಟಿ ತಿಂದು ಬಂದಳು. ಕೋಟೆಗೆ ಹೋದ ದಿನ ಮಾರುಕಟ್ಟೆಯ ಜನಜಂಗುಳಿಯಲ್ಲಿ ಗೋಡೆ ಎಲ್ಲಿ ಮುಗಿಯಿತೆಂದೇ ತಿಳಿಯದೆ, ಉಳಿದಿರುವ ತುಂಡು ಕೋಟೆಗಾಗಿ ಹೂವಿನ ಅಂಗಡಿ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲವನ್ನೂ ಸುತ್ತಿ ಬಂದಿದ್ದಳು. ವಿಧಾನಸೌಧ, ಅದರೆದುರಿನ ಕೆಂಪು ಹೈಕೋರ್ಟು ಇವೆರಡನ್ನೂ ಕುರಿತು ಹೇಳಿದ್ದಂತೂ ನನಗೆ ಮರೆಯುವುದಿಲ್ಲ: "ಎದುರಾ ಬದುರಾ ಮನಿ. ಆದ್ರ ಒಂದ ದಿನಾನೂ ಸಕ್ಕರಿ ಕೇಳಾಕ ಹೋಗಿಲ್ಲ ಅನ್ನಸ್ತೈತ್ರಿ." ಮುಂಭಾಗದ ವೈಭವಕ್ಕಿಂತ ಹಿಂಭಾಗದ ವರ್ತಮಾನ ಅವಳಿಗೆ ಪ್ರಿಯ. ಒಂದು ಭವ್ಯ ಸೌಧದ ಹಿಂದೆ ಮುರಿದ ಕುರ್ಚಿಗಳ ರಾಶಿ ಇತ್ತಂತೆ, ಇನ್ನೊಂದರ ಹಿಂದೆ ಕಾವಲುಗಾರನ ಹೆಂಡತಿ ಅರಿವೆ ಒಣಗಿಸುತ್ತಿದ್ದಳಂತೆ. ಇದನ್ನು ಹೇಳುವಾಗ ಅವಳಿಗೆ ಎಷ್ಟು ಸಂತೋಷ!

ಯಾಕಮ್ಮ ಈ ಪ್ರದಕ್ಷಿಣೆ ಎಂದು ಕೇಳಿದ್ದಕ್ಕೆ ಅವಳು ನಕ್ಕಳು. "ಪ್ರದಕ್ಷಿಣಿ ಎಲ್ಲಿದ್ರಿ! ಸಂತ್ಯಾಗ ಎತ್ತು ಕೊಳ್ಳಾಕ ಹೋದ್ರ ನಮ್ಮಪ್ಪ ಮೊದಲ ಒಂದ ಸುತ್ತ ಹಾಕ್ತಿದ್ದ. ಮುಂದ ನಿಂತ್ರ ಕೋಡಷ್ಟ ಕಾಣ್ತಾವು, ಅವಕ್ಕ ಎಣ್ಣಿ ಹಚ್ಚಿ ತಂದಿರ್ತಾರ. ಹಿಂದ ಹೋದ್ರನ ಗೊತ್ತಾಗೂದು ಎಷ್ಟ ದುಡದೈತಿ, ಏನ್ ತಿಂದೈತಿ ಅಂತ." ಚಪ್ಪಲಿ ಬಿಡುತ್ತಿದ್ದುದೂ ಭಕ್ತಿಯಿಂದಲ್ಲ, ಅಷ್ಟು ದೂರ ನಡೆದು ಬರುವ ಹೊತ್ತಿಗೆ ಅದರ ಉಂಗುಟ ಬೆರಳನ್ನು ಕೊರೆಯುತ್ತಿತ್ತು, ಅಷ್ಟೇ.

ಜೊತೆಗೆ ಯಾರೂ ಬರಕೂಡದು, ಇದೊಂದು ಹಟ. ಭಾಗ್ಯಶ್ರೀ ಒಮ್ಮೆ ಹೋಗಿದ್ದಳು; ಮಲ್ಲೇಶ್ವರ ದಾಟುವುದರೊಳಗೆ ಗೋಬಿ ಮಂಚೂರಿ ಬೇಕು, ಬಳೆ ನೋಡಬೇಕು ಎಂದು ಕೂತಳಂತೆ, ಅಲ್ಲಿಗೆ ಮುಗಿಯಿತು. ನಾನೂ ಬರಲೇ ಎಂದು ಕೇಳಿದೆ. "ನೀವು ಹೇಳಿಕೋತ ಬರ್ತೀರಿ ಮಾಸ್ತರ, ನನಗ ನೋಡಾಕ ಆಗಂಗಿಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಎಂಥ ಸರ್ಟಿಫಿಕೇಟು ನೋಡಿ! ಎರಡು ದಿನ ನಾನು ಅವಳೊಂದಿಗೆ ಮಾತಾಡಲಿಲ್ಲ. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಗಂಡಸೊಬ್ಬ ವಾರಕ್ಕೊಮ್ಮೆ ಬೆಳಗಿನಿಂದ ಸಂಜೆಯವರೆಗೆ ಕಾಣೆಯಾದರೆ ಲೋಕ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಂಡನಿಲ್ಲದ ಹೆಂಗಸು, ಅದೂ ಬುತ್ತಿ ಕಟ್ಟಿಕೊಂಡು, ಒಬ್ಬಳೇ! ವಠಾರದ ನಲ್ಲಿಯ ಬಳಿ ಪಿಸುಮಾತು ಶುರುವಾಗಿ ಬಹಳ ದಿನವಾಗಿತ್ತು. ವೆಂಕಟೇಶಪ್ಪನವರ ಹೆಂಡತಿ ಭದ್ರಮ್ಮ ಕೆಟ್ಟವಳಲ್ಲ, ಆದರೆ ಸುಮ್ಮನಿರುವವಳೂ ಅಲ್ಲ. ಒಂದು ದಿನ ನನ್ನನ್ನು ಮೆಟ್ಟಿಲ ಬುಡದಲ್ಲೇ ತಡೆದು, "ಅಲ್ಲಾ ಮೇಷ್ಟ್ರೇ, ಬರೀ ಬಿಲ್ಡಿಂಗ್ ನೋಡಕ್ಕೆ ಓಗ್ತಾಳೆ ಅಂದ್ರೆ ಯಾರ್ ನಂಬ್ತಾರೆ? ನಾವು ಇಲ್ಲೇ ಉಟ್ಟು ಬೆಳ್ದೋರು, ನಾವೇ ನೋಡಿಲ್ಲ. ಬೆಳ್ದಿರೋ ಮಗಳವ್ಳೆ ಮನೇಲಿ, ಇಂಗೆ ತಿರುಗುದ್ರೆ ಎಂಗೆ?" ಎಂದು ಕೇಳಿದಳು.

ಭದ್ರಮ್ಮನ ಕೊನೆಯ ಮಾತಿನಲ್ಲಿದ್ದ ಆತಂಕ ನಿಜವಾಯಿತು. ಭಾಗ್ಯಶ್ರೀಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಯಮನಪ್ಪ ಅವರ ಸೀಮೆಯವನೇ, ಪೀಣ್ಯದಲ್ಲಿ ಲೇತ್ ಕೆಲಸ, ಪಕ್ಕದ ಚೊಕ್ಕಸಂದ್ರದಲ್ಲಿ ತಾಯಿ ದ್ಯಾಮವ್ವನೊಂದಿಗೆ ವಾಸ. ಹುಡುಗ ಹುಡುಗಿ ಪರಸ್ಪರ ಒಪ್ಪಿದ್ದರು. ಒಪ್ಪಿದ್ದರು ಎಂದರೆ ಕಡಮೆಯಾಯಿತು, ಅವನ ಹೆಸರು ಬಂದರೆ ಭಾಗ್ಯಶ್ರೀ ಹಚ್ಚಿದ ಒಲೆಯನ್ನೇ ಮರೆಯುತ್ತಿದ್ದಳು. ನಿಶ್ಚಯದ ಮಾತು ನಡೆಯುತ್ತಿರುವಾಗ ದ್ಯಾಮವ್ವನ ಕಿವಿಗೆ ನಲ್ಲಿಯ ಬಳಿಯ ಸುದ್ದಿ ಬಿತ್ತು. ಬೀಗತಿಯಾಗುವವಳು ಐತ್ವಾರ ಎಲ್ಲಿ ಹೋಗುತ್ತಾಳೆಂದು ತಿಳಿಯದೆ ಹೆಜ್ಜೆ ಮುಂದಿಡುವುದಿಲ್ಲ ಎಂದು ಆಕೆ ಹೇಳಿ ಕಳಿಸಿದಳು. ಭಾಗ್ಯಶ್ರೀ ತಾಯಿಯ ಮುಂದೆ ಕೂತು, "ಬಿಟ್ಟ ಬಿಡಬೇ ಯವ್ವಾ, ನನ್ನ ಸಲುವಾಗಿ ಬಿಟ್ಟ ಬಿಡು. ಆ ಗ್ವಾಡಿ ಏನ್ ಕೊಡ್ತಾವ ನಿನಗ?" ಎಂದು ಅತ್ತದ್ದು ಮೇಲಿನ ನನ್ನ ಕೋಣೆಗೂ ಕೇಳಿಸಿತು.

ನನಗೆ ಆ ಹುಡುಗಿಯ ಮೇಲೆ ಕನಿಕರ ಬಂತು. ಕೆಳಗಿಳಿದು ಹೋಗಿ ಲೋಕಜ್ಞಾನದ ಸಲಹೆಯೊಂದನ್ನು ಕೊಟ್ಟೆ. "ಹನುಮವ್ವ, ಗುಡಿಗೆ ಹೋಗ್ತೀನಿ ಅಂದುಬಿಡಮ್ಮ. ಬೆಂಗಳೂರಲ್ಲಿ ಗುಡಿಗೇನು ಬರವೇ? ಯಾರೂ ತುಟಿ ಪಿಟಕ್ಕೆನ್ನಲ್ಲ."

ಅವಳು ಬೆರಳ ತುದಿಯಿಂದ ಅಂಗಿಯ ದಾರವೊಂದನ್ನು ಎಳೆದು ಕಿತ್ತಳು. "ಗುಡಿಗೆ ಹೋದ್ರ ದೇವರ ಮುಂದ ಏನರ ಕೇಳಬೇಕಾಗ್ತೈತ್ರಿ ಮಾಸ್ತರ. ಮಗಳಿಗೆ ಚಲೋ ಮಾಡು, ಮಳಿ ಕೊಡು, ಕಾಲಬ್ಯಾನಿ ತಗಿ ಅಂತ. ಕೇಳಿ ಕೇಳಿ ನನಗ ನಾಚಿಗಿ ಬಂದೈತಿ. ಅಲ್ಲಿ ಹೋದ್ರ ನಾ ಏನೂ ಕೇಳಂಗಿಲ್ಲ, ಅವೂ ನನ್ನ ಏನೂ ಕೇಳಂಗಿಲ್ಲ. ಸುಮ್ನ ನೋಡ್ತೀನಿ, ಬರ್ತೀನಿ." ಆ ಹೊತ್ತಿಗೆ ಮಾತ್ರ 'ಇರ್ಲಿ ಬಿಡ್ರಿ' ಬರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, "ದ್ಯಾಮವ್ವಗ ಬರಾಕ ಹೇಳು. ಬಂದು ನೋಡ್ಲಿ" ಎಂದಳು.

ಐತ್ವಾರ ಬೆಳಿಗ್ಗೆ ದ್ಯಾಮವ್ವ ಬಂದೇಬಿಟ್ಟಳು. ಗಟ್ಟಿ ಆಳು, ಹಣೆಯ ತುಂಬ ಅರಿಸಿನದ ಭಂಡಾರ, ಮಾತು ಕಡಮೆ, ನೋಟ ಹೆಚ್ಚು. ಎರಡೂ ಕಡೆಗೆ ಹಿರಿಯನೊಬ್ಬ ಇರಲಿ ಎಂದು ನನ್ನನ್ನೂ ಹೊರಡಿಸಿದಳು. ಹೀಗೆ ಹನುಮವ್ವ ನಿರಾಕರಿಸಿದ್ದ ಭಾಗ್ಯ ಅವಳ ಬೀಗತಿಯ ದೆಸೆಯಿಂದ ನನಗೆ ಒದಗಿತು. ಯಶವಂತಪುರದವರೆಗೆ ಮೂವರೂ ನಡೆದೆವು. ಅಲ್ಲಿ ದ್ಯಾಮವ್ವ ಫುಟ್‌ಪಾತಿನ ಕಲ್ಲಿನ ಮೇಲೆ ಕೂತು, "ನನ್ನ ಮೊಳಕಾಲ ಮುಗದಾವು, ಬಸ್ ಹತ್ತೂಣು" ಎಂದಳು. ನನಗೂ ಅದೇ ಬೇಕಾಗಿತ್ತು. ಹನುಮವ್ವ ಮಾತ್ರ, "ನೀವು ಬಸ್ಸಿಗೆ ಹೋಗಿರ್ರಿ ಅಕ್ಕಾರ, ನಾ ಬಂದ ಬಿಟ್ಟೆ" ಎಂದು ಹಿಂದೆ ನೋಡದೆ ನಡೆದಳು. ಮಗಳ ಬಾಳು ತಕ್ಕಡಿಯಲ್ಲಿರುವಾಗ ಇದೆಂಥ ಭಂಡತನ ಎಂದು ನನಗೆ ಸಿಟ್ಟು ಬಂತು.

ವಿಧಾನಸೌಧದ ಎದುರು ನಾವಿಬ್ಬರೂ ಅವಳಿಗಾಗಿ ಕಾದೆವು. ದ್ಯಾಮವ್ವ ಕಟ್ಟಡದ ಹಣೆಯನ್ನು ದಿಟ್ಟಿಸುತ್ತ, "ಮ್ಯಾಲೇನ ಬರದಾರ್ರಿ?" ಎಂದು ಕೇಳಿದಳು. ನಾನು ಓದಿದೆ: "ಸರ್ಕಾರದ ಕೆಲಸ ದೇವರ ಕೆಲಸ." ದೇವರ ಹೆಸರು ಕಿವಿಗೆ ಬಿದ್ದದ್ದೇ ಆಕೆ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಸೆರಗು ಹೊದ್ದು ಕೈಮುಗಿದಳು. ತಿದ್ದಲು ಬಾಯಿ ತೆರೆದ ನಾನು, ಈ ಅಪಾರ್ಥದಿಂದ ಲಾಭವೇ ಆದೀತೆಂದು ಮತ್ತೆ ಮುಚ್ಚಿಕೊಂಡೆ.

ಆಗ ಹನುಮವ್ವ ಬಂದಳು. ನಮ್ಮತ್ತ ಒಮ್ಮೆ ತಲೆಯಾಡಿಸಿ, ಚಪ್ಪಲಿಯನ್ನು ಚೀಲಕ್ಕೆ ಹಾಕಿ, ಬಿಸಿಲಿಗೆ ಕಾದ ರಸ್ತೆಯ ಅಂಚು ಹಿಡಿದು ಹೊರಟಳು. ಸಮಾಜದ ಸಂಶಯವಾಗಲಿ, ಸಂಬಂಧದ ಸಂದಿಗ್ಧವಾಗಲಿ ಆ ನಡಿಗೆಯನ್ನು ಒಂದಿಷ್ಟೂ ತಟ್ಟಿರಲಿಲ್ಲ. ನಮ್ಮ ಎಡಕ್ಕೆ ಮರೆಯಾಗಿ, ಬಹಳ ಹೊತ್ತಿನ ಮೇಲೆ ಬಲಗಡೆಯಿಂದ ಕಾಣಿಸಿಕೊಂಡು, ಎದುರಿಗೆ ಬಂದು ನಿಂತು ಮುಖವೆತ್ತಿದಳು. ಆ ಮುಖವನ್ನು ನಾನು ಅದೇ ಮೊದಲು ನೋಡಿದ್ದು. ದಿನವಿಡೀ ದಾರದ ತುದಿ ಹುಡುಕುತ್ತ ಕಿರಿದಾಗಿದ್ದ ಕಣ್ಣುಗಳು ಪೂರ್ತಿ ತೆರೆದಿದ್ದವು.

ದ್ಯಾಮವ್ವ ಗಳಗಳನೆ ಅತ್ತುಬಿಟ್ಟಳು. ಓಡಿಹೋಗಿ ಹನುಮವ್ವನ ಎರಡೂ ಕೈ ಹಿಡಿದು, "ಬರಿಗಾಲಿಲೆ ಸುತ್ತು ಹಾಕ್ತಿಯಲ್ಲ ಯವ್ವಾ! ಮಗಳ ಸಲುವಾಗಿ ಹರಕಿ ಹೊತ್ತಿ ಅಂತ ಒಂದ ಮಾತ ಹೇಳಬಾರದಿತ್ತ? ನಾ ಎಂಥಾ ಪಾಪ ಕಟ್ಟಿಕೊಂಡೆ! ಇವತ್ತ ನಿಶ್ಚಯ ಅಂತ ತಿಳಿ" ಎಂದಳು. ಅಬ್ಬ, ಶಿವನೇ, ಗೆದ್ದೆವು ಎಂದುಕೊಂಡೆ ನಾನು. ದ್ಯಾಮವ್ವನ ಬೆನ್ನ ಹಿಂದೆ ನಿಂತು, ಹೂಂ ಅನ್ನು, ಹೂಂ ಅಂದುಬಿಡು ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಒಂದು ತಲೆಯಾಡಿಸುವಿಕೆ ಸಾಕಾಗಿತ್ತು. ಸುಳ್ಳು ಹೇಳುವ ಶ್ರಮವೂ ಇರಲಿಲ್ಲ, ಸುಳ್ಳು ತಾನಾಗಿಯೇ ಸಿದ್ಧವಾಗಿ ಬಂದು ನಿಂತಿತ್ತು.

ಹನುಮವ್ವ ನನ್ನನ್ನು ನೋಡಿದಳು, ದ್ಯಾಮವ್ವನನ್ನು ನೋಡಿದಳು. "ಹರಕಿ ಏನೂ ಇಲ್ರಿ ಅಕ್ಕಾರ. ನಾ ನೋಡಾಕ ಬರ್ತೀನಿ."

"ಹರಕಿ ಇಲ್ಲಂದ್ರ ಯಾಕ ಬರ್ತಿ?"

"ನೋಡಾಕ."

ದ್ಯಾಮವ್ವ ಕೈ ಬಿಟ್ಟಳು. ಹನುಮವ್ವ ಮತ್ತೆ ಆ ಕೈಯನ್ನು ತಾನೇ ಹಿಡಿದುಕೊಂಡಳು. "ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಹೂಂ ಅನ್ನೂದು ನನಗೇನ ದೊಡ್ಡ ಮಾತಲ್ಲ. ಆದ್ರ ಇವತ್ತ ನಾ ಹೂಂ ಅಂದ್ರ, ನಾಳೆ ನನ್ನ ಮಗಳು ನಿಮ್ಮ ಹೊಸ್ತಲಾ ದಾಟಿ ಹೊರಗ ಹೋಗಬೇಕಂದ್ರ ಪ್ರತಿ ಸಲಾನೂ ಒಂದ ಹರಕಿ ಹೊರಬೇಕಾಗ್ತೈತಿ." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು. ಮಗಳ ಮುಖ ಎದುರಿಗೆ ಬಂದಿರಬೇಕು.

ದ್ಯಾಮವ್ವ ಕೈ ಬಿಡಿಸಿಕೊಂಡು ಚಪ್ಪಲಿ ಮೆಟ್ಟಿದಳು. ಹನುಮವ್ವ ಕೊಟ್ಟ ರೊಟ್ಟಿಯನ್ನು ಮುಟ್ಟಲಿಲ್ಲ. ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತು ದಾಸರಹಳ್ಳಿಗೆ ಬಂದೆವು. ನಡೆದದ್ದನ್ನು ಕೇಳಿ ಭಾಗ್ಯಶ್ರೀ ತಾಯಿಯೊಂದಿಗೆ ಮಾತು ಬಿಟ್ಟಳು. ಭದ್ರಮ್ಮ, "ಬಾಯಿಗ್ ಬಂದಿದ್ ತುತ್ತ ಕೈಯಾರೆ ಚೆಲ್ಬುಟ್ಲು" ಎಂದು ಹಣೆ ಚಚ್ಚಿಕೊಂಡಳು. ಹನುಮವ್ವ ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ, ಹೋಗಿ ಕ್ಷಮೆ ಕೇಳಲೂ ಇಲ್ಲ. ಮುಂದಿನ ಐತ್ವಾರ ಬುತ್ತಿ ಕಟ್ಟುವಾಗ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹನುಮವ್ವ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಹೊರಟೇಹೋದಳು. ಇದಕ್ಕೆ ಮೀರಿದ ಧೈರ್ಯವನ್ನೂ ಇದಕ್ಕೆ ಮೀರಿದ ಕಲ್ಲೆದೆಯನ್ನೂ ನಾನು ಕಂಡಿಲ್ಲ ಎಂದು ಅವತ್ತು ನನಗನ್ನಿಸಿತು. ಎರಡರಲ್ಲಿ ಯಾವುದೆಂದು ಆಗ ತೀರ್ಮಾನಿಸಲಾಗಲಿಲ್ಲ.

ಅದೇ ಮಧ್ಯಾಹ್ನ ದ್ಯಾಮವ್ವ ವಠಾರಕ್ಕೆ ಬಂದಳು. ಹನುಮವ್ವ ಇಲ್ಲವೆಂದು ತಿಳಿದೂ ಹೋಗದೆ ಕಟ್ಟೆಯ ಮೇಲೆ ಕೂತಳು. ನಲ್ಲಿಯ ಬಳಿ ಆ ದಿನ ಎಷ್ಟು ಜನಕ್ಕೆ ನೀರು ಬೇಕಾಗಿತ್ತು! ಸಂಜೆ ಕಾಲು ಧೂಳು ಮಾಡಿಕೊಂಡು ಬಂದ ಹನುಮವ್ವನನ್ನು ನಿಲ್ಲಿಸಿ ದ್ಯಾಮವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: "ನೋಡು, ನೀ ಹಿಂಗ ತಿರುಗೂದು ನನಗ ಸೇರಂಗಿಲ್ಲ. ಇವತ್ತೂ ಸೇರಂಗಿಲ್ಲ, ನಾಳೆನೂ ಸೇರಂಗಿಲ್ಲ. ಆದ್ರ ಸುಳ್ಳ ಹೇಳೋ ಬೀಗತಿಗಿಂತ ತಿರುಗೋ ಬೀಗತಿ ಚಲೋ. ನಿನ್ನ ಮಗಳನ್ನ ನನ್ನ ಕೈಯಾಗ ಕೊಡು." ಒಳಗಿನಿಂದ ಭಾಗ್ಯಶ್ರೀ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು, ಹನುಮವ್ವ ಮಾತ್ರ ಕಟ್ಟೆ ಹಿಡಿದು ಕುಸಿದು ಕೂತು ಮಗುವಿನಂತೆ ಬಿಕ್ಕಿದಳು. ಕಲ್ಲೆದೆಯಲ್ಲ ಎಂದು ನನಗೆ ಆಗ ತಿಳಿಯಿತು.

ಮದುವೆಯಾಗಿ ಕೆಲವು ತಿಂಗಳ ಮೇಲೆ ಏನೋ ಕೆಲಸದ ಮೇಲೆ ಚೊಕ್ಕಸಂದ್ರದ ಅವರ ಮನೆಗೆ ಹೋಗಿದ್ದೆ. ದ್ಯಾಮವ್ವ ನನಗೆ ಚಹಾ ಕೊಟ್ಟು ಎದುರಿಗೆ ಕೂತಿದ್ದಳು. ಭಾಗ್ಯಶ್ರೀ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಳು.

"ಎಲ್ಲಿಗವ್ವ?"

"ಹಿಂಗ, ಸುಮ್ನ ಹೊರಗ."

ದ್ಯಾಮವ್ವನ ಹುಬ್ಬು ಮೇಲೇರಿತು. ಇನ್ನೊಂದು ಪ್ರಶ್ನೆ ನಾಲಗೆಯ ತುದಿಗೆ ಬಂದದ್ದನ್ನು ನಾನು ಕಂಡೆ; ಆಕೆ ಅದನ್ನು ಚಹಾದ ಜೊತೆ ನುಂಗಿಕೊಂಡು, "ಕತ್ತಲಾಗೂದ್ರಾಗ ಬಾ" ಎಂದಳು. ಹುಡುಗಿ ಹೊಸ್ತಿಲು ದಾಟಿ ಹೋದಳು.

ರಾಜಧಾನಿಗೆ ಬರುವವರೆಲ್ಲ ಏನನ್ನಾದರೂ ಕೇಳಿಕೊಂಡು ಬರುತ್ತಾರೆ: ಉದ್ಯೋಗ, ಆಸ್ಪತ್ರೆ, ನ್ಯಾಯ, ಅರ್ಜಿಗೊಂದು ಸಹಿ. ಕೇಳುವವರನ್ನು ನಗರ ಬೇಗ ಅರ್ಥ ಮಾಡಿಕೊಳ್ಳುತ್ತದೆ, ಕಾಯಿಸುತ್ತದೆ, ಕಳಿಸುತ್ತದೆ. ಏನನ್ನೂ ಕೇಳದೆ ಬರೀ ನೋಡಲು ಬಂದವರನ್ನು ಮಾತ್ರ ಅದು ನಂಬುವುದಿಲ್ಲ. ಹೆಣ್ಣಾದರೆ ಒಂದು ಹರಕೆಯನ್ನಾದರೂ ತಲೆಯ ಮೇಲೆ ಹೊರಿಸಿಯೇ ದಾರಿ ಬಿಡುತ್ತದೆ. ಹಾಗೆ ಹೊರಿಸಿದ್ದನ್ನು ಬೇಡವೆಂದು ನಡುರಸ್ತೆಯಲ್ಲಿ ಕೆಳಗಿಳಿಸಿ ನಿಲ್ಲುವವರು ಎಲ್ಲ ಕಾಲದಲ್ಲೂ ಕೆಲವರೇ. ಅವರಿಗೆ ಅದರಿಂದ ಏನು ದಕ್ಕುತ್ತದೋ ನಾನರಿಯೆ. ಅವರ ಮಕ್ಕಳು ಮಾತ್ರ ಬರಿಗೈ ಬೀಸಿಕೊಂಡು ಹೊರಗೆ ಹೋಗುತ್ತಾರೆ.